ಅಂಗಳದ ದೀಪಕ್ಕೆ ಸ್ಮಾರ್ಟ್ ಸ್ವಿಚ್: ಮಲೆನಾಡಿನ ಮನೆಯೊಂದರ ವೈರಿಂಗ್ ಅನುಭವ

ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟದ ನಡುವೆ ಇರುವ ಹಳೆಯ ಹೆಂಚಿನ ಮನೆಯ ಹೊರಗಿನ ದೀಪಗಳಿಗೆಲ್ಲ ಸ್ಮಾರ್ಟ್ ಸ್ವಿಚ್ ಅಳವಡಿಸಿದ ಕೆಲಸದ ವಿವರ ಇದು. ಸಕಲೇಶಪುರ, ಆಲೂರು, ಬೇಲೂರು ಕಡೆಯ ಮನೆಗಳಿಗೂ ಹೆಚ್ಚು ಕಡಿಮೆ ಇದೇ ಅನ್ವಯಿಸುತ್ತದೆ. ಮಳೆ, ಸಿಡಿಲು, ಪದೇ ಪದೇ ಹೋಗಿ ಬರುವ ಕರೆಂಟು, ರಾತ್ರಿ ಅಂಗಳಕ್ಕೆ ಬರುವ ಆನೆ ಎಲ್ಲವೂ ಅಲ್ಲಿಯೂ ಉಂಟು. ಕತ್ತಲಲ್ಲಿ ಬಾಗಿಲು ತೆಗೆದು ಹೊರಗೆ ಹೋಗಿ ಸ್ವಿಚ್ ಒತ್ತುವ ಪರಿಸ್ಥಿತಿ ಇರಬಾರದು ಎನ್ನುವುದೇ ಈ ಕೆಲಸಕ್ಕೆ ಮುಖ್ಯ ಕಾರಣ. ಅದರ ಜೊತೆ ನಾವು ಇಟ್ಟುಕೊಂಡ ಷರತ್ತು ಒಂದೇ: ಫೋನ್ ಇಲ್ಲದಿದ್ದರೂ, ಇಂಟರ್ನೆಟ್ ಇಲ್ಲದಿದ್ದರೂ, ಗೋಡೆಯ ಮೇಲಿನ ಸ್ವಿಚ್ ಒತ್ತಿದರೆ ದೀಪ ಹತ್ತಲೇಬೇಕು. ಕೆಳಗೆ ಹೇಳುವ ಆಯ್ಕೆಗಳೆಲ್ಲ ಈ ಷರತ್ತಿನಿಂದಲೇ ಹುಟ್ಟಿದವು.

ದೀಪಗಳ ಲೆಕ್ಕ ಹೀಗಿದೆ. ಗೇಟಿನ ಕಂಬಗಳ ಮೇಲೆ 12 ವ್ಯಾಟಿನ ಎರಡು, ಜಗಲಿಯಲ್ಲಿ 9 ವ್ಯಾಟಿನ ಮೂರು, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ 7 ವ್ಯಾಟಿನ ನಾಲ್ಕು, ಕಾಫಿ ಒಣಗಿಸುವ ಕಣಕ್ಕೆ 100 ವ್ಯಾಟಿನ ಎರಡು ಫ್ಲಡ್ ಲೈಟು. ಎಲ್ಲವೂ ಎಲ್‌ಇಡಿ, ಒಟ್ಟು 279 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ ಸುಮಾರು 1.2 ಆಂಪ್. ಅಗ್ಗದ ಎಲ್‌ಇಡಿಗಳ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.5ರ ಆಸುಪಾಸಿನಲ್ಲಿ ಇರುವುದರಿಂದ ಹೆಚ್ಚೆಂದರೆ 2.4 ಆಂಪ್ ಎಂದು ಹಿಡಿದೆವು. ವೈರಿನ ದಪ್ಪಕ್ಕೂ, ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚಿಗೂ ಇದು ಏನೂ ಅಲ್ಲ. ಸ್ಮಾರ್ಟ್ ಸ್ವಿಚ್ಚಿನೊಳಗೆ ಕರೆಂಟನ್ನು ಸೇರಿಸಿ ಕತ್ತರಿಸುವ ರಿಲೇಗೆ ಮಾತ್ರ ಇದರಲ್ಲಿ ಒಂದು ತೊಂದರೆ ಅಡಗಿದೆ, ಮುಂದೆ ಬರುತ್ತದೆ.

ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗೂಡಿಯೇ ಮಾಡಿದ್ದು. ಮೀಟರ್ ಮತ್ತು ಅದರ ಸೀಲ್ ತನಕದ ಭಾಗವನ್ನು ಮುಟ್ಟುವ ಹಾಗಿಲ್ಲ. ಡಿಬಿ, ಅಂದರೆ ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯ ಒಳಗಿನ ಕೆಲಸವನ್ನು ಅದರ ಅಭ್ಯಾಸ ಇಲ್ಲದವರು ಕೈಗೆತ್ತಿಕೊಳ್ಳಬಾರದು.

ಮೊದಲು ನ್ಯೂಟ್ರಲ್ ಹುಡುಕಬೇಕು

ಸ್ಮಾರ್ಟ್ ಸ್ವಿಚ್ ಒಳಗೆ ಒಂದು ಪುಟ್ಟ ಪವರ್ ಸಪ್ಲೈ ಇರುತ್ತದೆ. ದೀಪ ಆರಿರುವಾಗಲೂ ಅದಕ್ಕೆ ಕರೆಂಟ್ ಬೇಕು, ಆದ್ದರಿಂದ ಸ್ವಿಚ್ ಇರುವ ಕಡೆಗೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಬರಬೇಕು. ಒಂದೇ ಬೋರ್ಡಿನಲ್ಲಿ ಪ್ಲಗ್ ಸಾಕೆಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಒಂದೆರಡು ಸ್ವಿಚ್ ಇರುವ ಜಗಲಿ ಬೋರ್ಡು, ಮೆಟ್ಟಿಲ ಬೋರ್ಡು, ಗೇಟಿನ ಬೋರ್ಡುಗಳಲ್ಲಿ ಬಹುಪಾಲು ಇರುವುದಿಲ್ಲ. ಅಲ್ಲಿಗೆ ಬರುವುದು ಒಂದು ಫೇಸ್, ಹೋಗುವುದು ದೀಪದ ಕಡೆಗೆ ಒಂದು ವೈರು, ಅಷ್ಟೇ. ನ್ಯೂಟ್ರಲ್ ಮೇಲೆ ಎಲ್ಲೋ ಜಂಕ್ಷನ್ ಬಾಕ್ಸಿನಲ್ಲೇ ದೀಪಕ್ಕೆ ತಿರುಗಿರುತ್ತದೆ.

ಬಣ್ಣ ನೋಡಿ ನಂಬುವಂತಿಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎನ್ನುವುದು ನಿಯಮ. ಆದರೆ ಹಳೆಯ ಕೇಸಿಂಗ್ ಪಟ್ಟಿಯ ವೈರಿಂಗಿನಲ್ಲಿ ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಬರೀ ಟೆಸ್ಟರ್ ಕೂಡ ಸಾಲದು. ಡಿಜಿಟಲ್ ಮೀಟರನ್ನು ಎಲ್ಲಿಗೂ ಸೇರದೆ ನೇತಾಡುವ ವೈರಿಗೆ ಹಿಡಿದರೂ 50, 80 ವೋಲ್ಟ್ ತೋರಿಸುತ್ತದೆ. ಪಕ್ಕದಲ್ಲಿ ಓಡುವ ಫೇಸ್ ವೈರಿನಿಂದ ಬಂದ ಇಂಡಕ್ಷನ್ ಅದು, ಹಿಂದೆ ಶಕ್ತಿ ಇಲ್ಲ. ಈ ಗೊಂದಲಕ್ಕೆ ಮದ್ದು ಹಳೆಯ ಟೆಸ್ಟ್ ಲ್ಯಾಂಪ್: ಹೋಲ್ಡರಿಗೆ 40 ವ್ಯಾಟಿನ ಫಿಲಮೆಂಟ್ ಬಲ್ಬು, ಎರಡು ವೈರು, ತುದಿಗೆ ಇನ್ಸುಲೇಟೆಡ್ ಪ್ರೋಬ್. ಫೇಸಿಗೂ ಅನುಮಾನದ ವೈರಿಗೂ ಸೇರಿಸಿದಾಗ ಬಲ್ಬು ಪೂರ್ತಿ ಬೆಳಗಿ ಹಾಗೇ ನಿಂತರೆ ಅದು ನ್ಯೂಟ್ರಲ್. ಬೆಳಗಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಅರ್ಥಿಗೆ ಸೋರಿದರೆ ಲೈನ್ ಕತ್ತರಿಸುವ ಸಾಧನ) ಬಿದ್ದರೆ ಅದು ಅರ್ಥ್. 40 ವ್ಯಾಟಿನ ಬಲ್ಬು ಸುಮಾರು 170 ಮಿಲಿಆಂಪ್ ಎಳೆಯುತ್ತದೆ, 30 ಮಿಲಿಆಂಪಿನ ಆರ್‌ಸಿಸಿಬಿ ಅದನ್ನು ತಡೆಯದೆ ಬಿಡುವುದಿಲ್ಲ. ಈ ಪರೀಕ್ಷೆ ಮಾಡುವಾಗ ಮನೆಯಲ್ಲಿ ಯಾರೂ ಗೀಸರ್, ಮಿಕ್ಸಿ, ಫ್ರಿಜ್ ಮುಟ್ಟಿಕೊಂಡಿರದ ಹಾಗೆ ನೋಡಿಕೊಳ್ಳಬೇಕು.

ನ್ಯೂಟ್ರಲ್ ಸಿಗದಿದ್ದಾಗ ಹಸಿರು ವೈರನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಅಭ್ಯಾಸ ನಮ್ಮ ಕಡೆ ಇದೆ. ಸ್ಮಾರ್ಟ್ ಸ್ವಿಚ್ಚಿನ ಮಾಡ್ಯೂಲ್ ಎಳೆಯುವುದು ಕೆಲವೇ ಮಿಲಿಆಂಪ್ ಆದ್ದರಿಂದ ಆರ್‌ಸಿಸಿಬಿಯೂ ಬೀಳುವುದಿಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಆ ಹಸಿರು ವೈರು ಎಲ್ಲಾದರೂ ಕಿತ್ತುಹೋದರೆ ಅದಕ್ಕೆ ಸೇರಿದ ಲೋಹದ ದೀಪದ ಕವಚಗಳಿಗೆಲ್ಲ ಮಾಡ್ಯೂಲಿನ ಮೂಲಕ ಫೇಸ್ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತವರು ಅದನ್ನು ಮುಟ್ಟುವ ಸಾಧ್ಯತೆ ಇದ್ದೇ ಇದೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು.

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್‌ಗಳೂ ಸಿಗುತ್ತವೆ. ಅವು ದೀಪದ ಮೂಲಕವೇ ಸ್ವಲ್ಪ ಕರೆಂಟ್ ಹಾಯಿಸಿ ಬದುಕುತ್ತವೆ. ಹಳೆಯ ಫಿಲಮೆಂಟ್ ಬಲ್ಬಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. 7 ವ್ಯಾಟಿನ ಎಲ್‌ಇಡಿಗೆ ಗೊತ್ತಾಗುತ್ತದೆ: ಆರಿಸಿದ ಮೇಲೂ ಮಂಕಾಗಿ ಹೊಳೆಯುತ್ತಿರುತ್ತದೆ, ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಮಿನುಗುತ್ತದೆ. ದೀಪಕ್ಕೆ ಸಮಾನಾಂತರವಾಗಿ ಬೈಪಾಸ್ ಕೆಪಾಸಿಟರ್ ಹಾಕಿ ಸರಿಪಡಿಸಬಹುದು. ಆದರೂ ಹೊರಗಿನ ದೀಪಕ್ಕೆ ಇನ್ನೊಂದು ಬಿಡಿಭಾಗ, ಇನ್ನೊಂದು ಜಾಯಿಂಟ್ ಏಕೆ? ಜಗಲಿ ಬೋರ್ಡಿನಿಂದ ಡಿಬಿ ತನಕ 1.5 ಚದರ ಮಿ.ಮೀ. ಕಪ್ಪು ವೈರು ಒಂದನ್ನು ಎಳೆದು ನಿಜವಾದ ನ್ಯೂಟ್ರಲ್ ತರುವುದೇ ಒಳ್ಳೆಯದು ಎಂದು ನಿರ್ಧರಿಸಿದೆವು. ಕೇಸಿಂಗ್ ಪಟ್ಟಿ ಬಿಚ್ಚಿ ಮತ್ತೆ ಮುಚ್ಚುವುದು ಬೇಸರದ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಇದೇ ಹೊತ್ತಿಗೆ ನೋಡಬೇಕಾದ ಇನ್ನೊಂದು ಸಂಗತಿ, ಹಳೆಯ ಸ್ವಿಚ್ ಫೇಸನ್ನು ಕತ್ತರಿಸುತ್ತಿದೆಯೇ ಅಥವಾ ನ್ಯೂಟ್ರಲನ್ನೇ ಎನ್ನುವುದು. ಸ್ವಿಚ್ ಆಫ್ ಮಾಡಿ ಹೋಲ್ಡರಿನಲ್ಲಿ ಟೆಸ್ಟರ್ ಹಿಡಿಯಿರಿ. ಅಲ್ಲಿ ಇನ್ನೂ ಫೇಸ್ ಇದ್ದರೆ ಸ್ವಿಚ್ ಇರುವುದು ನ್ಯೂಟ್ರಲಿನಲ್ಲಿ. ಕೊಟ್ಟಿಗೆ ದಾರಿಯ ಒಂದು ದೀಪ ರಾತ್ರಿಯಿಡೀ ಮಿಣುಕುತ್ತಿದ್ದುದಕ್ಕೆ ಇದೇ ಕಾರಣ. ಸ್ಮಾರ್ಟ್ ಮಾಡ್ಯೂಲ್ ಹಾಕುವ ಮೊದಲೇ ಇದನ್ನು ತಿರುಗಿಸಬೇಕು.

ಯಾವ ಮಾಡ್ಯೂಲ್, ಏಕೆ

ಟಚ್ ಪ್ಯಾನೆಲ್ ಸ್ಮಾರ್ಟ್ ಸ್ವಿಚ್ ನೋಡಲು ಚೆಂದ. ನಾವು ತೆಗೆದುಕೊಳ್ಳಲಿಲ್ಲ. ಜಗಲಿಯ ತೇವಕ್ಕೆ, ಒದ್ದೆ ಕೈಗೆ ಅದು ತಾನಾಗಿ ಹತ್ತುವುದು, ಮುಟ್ಟಿದರೂ ಹತ್ತದಿರುವುದು ಎರಡೂ ಆಗುತ್ತದೆ. ಬದಲಿಗೆ ಸ್ವಿಚ್ಚಿನ ಹಿಂದೆ ಕೂರುವ ಚಿಕ್ಕ ರಿಲೇ ಮಾಡ್ಯೂಲ್ ಆರಿಸಿದೆವು. ಗೋಡೆಯ ಮೇಲೆ ಮಾಮೂಲಿ ಸ್ವಿಚ್ಚೇ ಉಳಿಯುತ್ತದೆ, ಮನೆಯ ಹಿರಿಯರು ಹೊಸದೇನನ್ನೂ ಕಲಿಯಬೇಕಿಲ್ಲ.

ಇಂಥ ಮಾಡ್ಯೂಲ್‌ಗಳಲ್ಲಿ ಎರಡು ಬಗೆ. ಸೋನಾಫ್ ಮಿನಿಯಂಥವಕ್ಕೆ ಗೋಡೆಯ ಸ್ವಿಚ್ ಸೇರಿಸಲು ಎಸ್1, ಎಸ್2 ಎಂಬ ಎರಡು ಟರ್ಮಿನಲ್ ಇವೆ. ಅವಕ್ಕೆ ಹೊರಗಿನಿಂದ ಫೇಸ್ ಕೊಡಲೇಬಾರದು, ಸ್ವಿಚ್ ಅವೆರಡನ್ನು ಒಂದಕ್ಕೊಂದು ಸೇರಿಸಿದರೆ ಸಾಕು. ಫೇಸ್ ತಗುಲಿದ ಕ್ಷಣವೇ ಮಾಡ್ಯೂಲ್ ಸುಟ್ಟುಹೋಗುತ್ತದೆ. ಶೆಲ್ಲಿ 1ರಂಥದ್ದರಲ್ಲಿ ಸ್ವಿಚ್ಚಿನ ಟರ್ಮಿನಲ್ ಬೇಡುವುದೇ ಫೇಸನ್ನು, ಅಂದರೆ ಹಳೆಯ ಸ್ವಿಚ್ಚಿನ ಫೇಸ್ ವೈರು ಅಲ್ಲೇ ಉಳಿಯಬಹುದು. ಒಂದರ ನಕ್ಷೆ ನೋಡಿ ಇನ್ನೊಂದನ್ನು ಜೋಡಿಸುವವರು ಹೆಚ್ಚು. ಪೆಟ್ಟಿಗೆಯ ಮೇಲಿನ ನಕ್ಷೆಯನ್ನು ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಇನ್ನೊಂದು ಎಚ್ಚರಿಕೆ: ಎಸ್1, ಎಸ್2 ನಡುವೆ ಇರುವುದು ಕಡಿಮೆ ವೋಲ್ಟೇಜ್ ಆದರೂ ಒಳಗಿನ ಪವರ್ ಸಪ್ಲೈ ಮೇನ್ಸಿನಿಂದ ಬೇರ್ಪಟ್ಟಿರುತ್ತದೆ ಎಂದುಕೊಳ್ಳುವಂತಿಲ್ಲ. ಆ ವೈರುಗಳನ್ನೂ 230 ವೋಲ್ಟಿನ ವೈರಿನಂತೆಯೇ ಕಾಣಬೇಕು, ಟೆಲಿಫೋನ್ ವೈರು ಬಳಸಬಾರದು.

ಈಗ ರಿಲೇಯ ತೊಂದರೆ. ಪೆಟ್ಟಿಗೆಯ ಮೇಲೆ 10 ಆಂಪ್ ಎಂದಿರುತ್ತದೆ, ಅಂದರೆ 2300 ವ್ಯಾಟ್, ನಮ್ಮ 279 ಯಾವ ಲೆಕ್ಕ ಅನ್ನಿಸುತ್ತದೆ. ಆ 10 ಆಂಪ್ ಹೀಟರಿನಂಥ ಶುದ್ಧ ರೆಸಿಸ್ಟಿವ್ ಲೋಡಿಗೆ. ಎಲ್‌ಇಡಿ ಡ್ರೈವರಿನ ಒಳಗೆ ಖಾಲಿ ಕೆಪಾಸಿಟರ್ ಕುಳಿತಿರುತ್ತದೆ. ಸ್ವಿಚ್ ಹಾಕಿದ ಕ್ಷಣ ಅದು ತುಂಬಿಕೊಳ್ಳುವಾಗ, ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಹೊತ್ತು, ಮಾಮೂಲಿ ಕರೆಂಟಿನ ಹತ್ತಾರು ಪಟ್ಟು ನುಗ್ಗುತ್ತದೆ. ಎರಡು ದೊಡ್ಡ ಫ್ಲಡ್ ಲೈಟುಗಳು ಒಟ್ಟಿಗೆ ಹತ್ತಿದಾಗ ರಿಲೇಯ ಕಾಂಟ್ಯಾಕ್ಟ್‌ಗಳು ಪ್ರತಿ ಸಲವೂ ಸ್ವಲ್ಪ ಕರಗಿ, ಒಂದು ದಿನ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಫೋನಿನಲ್ಲಿ ಆಫ್ ಎಂದು ತೋರಿಸಿದರೂ ದೀಪ ಉರಿಯುತ್ತಲೇ ಇರುತ್ತದೆ. ಮಾಡ್ಯೂಲನ್ನು ಬೆರಳಿನಿಂದ ತಟ್ಟಿದಾಗ ದೀಪ ಆರಿದರೆ ರೋಗ ಇದೇ ಎಂದು ತಿಳಿಯಿರಿ.

ಅದಕ್ಕಾಗಿ ಕಣದ ದೀಪಗಳಿಗೆ ಡಿಬಿಯಲ್ಲಿ ಕೂರುವ 20 ಆಂಪಿನ ಎರಡು ಪೋಲ್ ಕಾಂಟ್ಯಾಕ್ಟರ್ (ಹೆಚ್ಚು ಭಾರ ತಡೆಯುವ ದೊಡ್ಡ ರಿಲೇ) ಹಾಕಿದೆವು, ಕಾಯಿಲ್ 230 ವೋಲ್ಟಿನದು. ಸ್ಮಾರ್ಟ್ ಮಾಡ್ಯೂಲ್ ಈ ಕಾಯಿಲನ್ನು ಮಾತ್ರ ಎಳೆಯುತ್ತದೆ, ದೀಪದ ಭಾರ ಕಾಂಟ್ಯಾಕ್ಟರ್ ಮೇಲೆ. ಎರಡು ಪೋಲಿನದೇ ಏಕೆಂದರೆ ಆರಿಸಿದಾಗ ಫೇಸ್, ನ್ಯೂಟ್ರಲ್ ಎರಡೂ ಕಳಚಿಕೊಳ್ಳುತ್ತವೆ. 60 ಮೀಟರ್ ಉದ್ದದ ಕೇಬಲ್ ಮಾಡ್ಯೂಲಿನಿಂದ ಪೂರ್ತಿ ಬೇರೆಯಾಗುತ್ತದೆ, ದೂರದ ಕೇಬಲಿನ ಇಂಡಕ್ಷನ್ನಿನಿಂದ ದೀಪ ಮಿಣುಕುವುದೂ ನಿಲ್ಲುತ್ತದೆ. ಕಾಯಿಲಿಗೆ ಸಮಾನಾಂತರವಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಓಮ್ ರೆಸಿಸ್ಟರ್ ಸರಣಿಯಲ್ಲಿರುವ ಸ್ನಬರ್ ಇರಲಿ. ಅದಿಲ್ಲದಿದ್ದರೆ ಕಾಯಿಲ್ ಬಿಡುವಾಗ ಏಳುವ ಕಿಡಿಗೆ ಮಾಡ್ಯೂಲ್ ರೀಸ್ಟಾರ್ಟ್ ಆಗುವುದುಂಟು. ಸ್ನಬರನ್ನು ರಿಲೇ ಕಾಂಟ್ಯಾಕ್ಟಿಗೆ ಅಡ್ಡ ಹಾಕಬಾರದು, ಆರಿದಾಗಲೂ ಅದರ ಮೂಲಕ ಕರೆಂಟ್ ಸೋರುತ್ತದೆ. ಗೇಟಿಗೆ ಒಂದು, ಜಗಲಿ ಮತ್ತು ದಾರಿಗೆ ಸೇರಿ ಒಂದು ಮಾಡ್ಯೂಲ್ ನೇರವಾಗಿ ಸಾಕಾಯಿತು.

ಜಾಗ, ಸಿಗ್ನಲ್

ಮಾಡ್ಯೂಲ್‌ಗಳನ್ನು ಹೊರಗೆ ಇಡಲಿಲ್ಲ. ಜಗಲಿಯ ಬೋರ್ಡಿನ ಬೆನ್ನಿಗೆ, ಮನೆಯ ಒಳಗೋಡೆಯ ಮೇಲೆ ಪಿವಿಸಿ ಬಾಕ್ಸಿನಲ್ಲಿ ಕೂರಿಸಿದೆವು. ಗೋಡೆಯೊಳಗಿನ ಜಿಐ ಬಾಕ್ಸು ಸುಮಾರು 50 ಮಿ.ಮೀ. ಆಳ. ಅದರಲ್ಲಿ ಸ್ವಿಚ್ಚಿನ ಹಿಂಭಾಗ, ವೈರು ಎಲ್ಲ ಸೇರಿದ ಮೇಲೆ 20 ಮಿ.ಮೀ. ದಪ್ಪದ ಮಾಡ್ಯೂಲನ್ನು ತುರುಕಿದರೆ ವೈರುಗಳು ಮಡಚಿ ಟರ್ಮಿನಲ್ ಸ್ಕ್ರೂ ಸಡಿಲವಾಗುತ್ತದೆ. ಲೋಹದ ಬಾಕ್ಸು ವೈಫೈ ಸಿಗ್ನಲನ್ನೂ ತಡೆಯುತ್ತದೆ. ಈ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಒಂದೂವರೆ ಅಡಿ ದಪ್ಪದ ಕಲ್ಲು, ಜಂಬಿಟ್ಟಿಗೆಯ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ಬಾಕ್ಸು ಕೂರಿಸುವ ಮೊದಲೇ ಆ ಜಾಗದಲ್ಲಿ ಫೋನ್ ಹಿಡಿದು ಅಳೆಯಿರಿ. ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ನಿಶ್ಚಿಂತೆ. ಮೈನಸ್ 75 ದಾಟಿದರೆ ಮಳೆಗಾಲದಲ್ಲಿ ಅದು ದಿನಕ್ಕೆ ನಾಲ್ಕು ಬಾರಿ ಕಳಚಿಕೊಳ್ಳುತ್ತದೆ, ರೂಟರಿನ ಜಾಗ ಬದಲಿಸುವುದೇ ದಾರಿ.

ಡಿಬಿಯಲ್ಲಿ

ಹೊರಗಿನ ದೀಪಗಳನ್ನು ಮನೆಯ ಒಳಗಿನ ಸರ್ಕ್ಯೂಟಿನಿಂದ ಬೇರ್ಪಡಿಸಿದ್ದು ಈ ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದ ಬದಲಾವಣೆ. ಹೊರಗೆ ಎಲ್ಲಾದರೂ ನೀರು ನುಗ್ಗಿದರೆ ಆರ್‌ಸಿಸಿಬಿ ಬೀಳುತ್ತದೆ. ಇಡೀ ಮನೆಗೆ ಒಂದೇ ಇದ್ದರೆ ಮಳೆಯ ರಾತ್ರಿ ಅಡುಗೆಮನೆಯೂ ಕತ್ತಲು. ಆದ್ದರಿಂದ ಹೊರಗಿನ ಎರಡು ಸಾಲಿಗೆ, ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವ ಆರ್‌ಸಿಬಿಒ ಎರಡು ಹಾಕಿದೆವು. ಎರಡೂ 10 ಆಂಪ್, ಸಿ ಕರ್ವ್, 30 ಮಿಲಿಆಂಪ್, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥವು. ಬಿ ಕರ್ವ್ ಎಂಸಿಬಿ ಮೂರರಿಂದ ಐದು ಪಟ್ಟು ಕರೆಂಟಿಗೇ ತಕ್ಷಣ ಬೀಳುತ್ತದೆ, ಎಲ್‌ಇಡಿಗಳ ಆರಂಭದ ನುಗ್ಗಾಟಕ್ಕೆ ಸುಮ್ಮಸುಮ್ಮನೆ ಬಿದ್ದೀತು. ಸಿ ಕರ್ವ್ ಐದರಿಂದ ಹತ್ತು ಪಟ್ಟು ತಡೆಯುತ್ತದೆ. ಹಾಗಾದರೆ ದೂರದ ಕಣದಲ್ಲಿ ಶಾರ್ಟ್ ಆದರೆ ಇದು ಬೀಳುತ್ತದೆಯೇ? 2.5 ಚದರ ಮಿ.ಮೀ. ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ 120 ಮೀಟರಿಗೆ 0.9 ಓಮ್, ಶಾರ್ಟ್ ಕರೆಂಟು 200 ಆಂಪ್ ದಾಟುತ್ತದೆ. ಬೇಕಾದದ್ದು 100. ಕಣದ ಕೇಬಲಿಗೆ 2.5 ಆರಿಸಿದ್ದು ಇದಕ್ಕೇ, ದೀಪದ ಭಾರಕ್ಕಾದರೆ 1.5 ಸಾಕಿತ್ತು.

ಗೇಟು, ಜಗಲಿ, ದಾರಿಯ ದೀಪಗಳು ಇನ್ವರ್ಟರ್ ಸಾಲಿನಲ್ಲಿ, ಕಣದ್ದು ನೇರ ಮೇನ್ಸಿನಲ್ಲಿ. ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಯಾವ ಆರ್‌ಸಿಬಿಒದಿಂದ ಫೇಸ್ ಹೊರಟಿತೋ ನ್ಯೂಟ್ರಲ್ ಅದಕ್ಕೇ ಮರಳಬೇಕು. ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಕಡೆಯಿಂದ ತಂದಿರುವುದು ಬಹಳ. ಆರ್‌ಸಿಸಿಬಿ ಇಲ್ಲದಿರುವವರೆಗೆ ಅದು ನಡೆಯುತ್ತಿರುತ್ತದೆ. ಆರ್‌ಸಿಬಿಒ ಹಾಕಿದ ಮೊದಲ ದಿನವೇ ದೀಪ ಹತ್ತಿಸಿದೊಡನೆ ಬೀಳುತ್ತದೆ. ಆಗ 'ಸಾಧನ ಸರಿಯಿಲ್ಲ' ಎಂದು ಅದನ್ನೇ ಕಿತ್ತುಹಾಕುತ್ತಾರೆ. ಸರಿಯಿಲ್ಲದ್ದು ನ್ಯೂಟ್ರಲ್.

ಆರ್‌ಸಿಬಿಒ ಮೇಲಿನ ಟೆಸ್ಟ್ ಗುಂಡಿ ಅದರ ಒಳಗಿನ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಮನೆಯ ಅರ್ಥಿಂಗನ್ನಲ್ಲ. ಇನ್ವರ್ಟರ್ ಬ್ಯಾಟರಿಯ ಮೇಲೆ ಓಡುತ್ತಿರುವಾಗಲೂ ಅದು ಬೀಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಟೆಸ್ಟ್ ಲ್ಯಾಂಪಿನಿಂದ ಬೇರೆಯಾಗಿ ನೋಡಿಸಬೇಕು. ಹಾಗೆಯೇ ಇನ್ವರ್ಟರ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವಿನಲ್ಲಿ ಅಗ್ಗದ ಮಾಡ್ಯೂಲ್‌ಗಳ ಪವರ್ ಸಪ್ಲೈ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಸುಡುವುದು ಮಲೆನಾಡಿನವರಿಗೆ ಹೊಸದಲ್ಲ. ಸಿಡಿಲು ನೇರ ಬಡಿಯಬೇಕೆಂದಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಅಂಗಳದುದ್ದಕ್ಕೆ ಹಾಸಿದ ಕೇಬಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ, ಆ ಕೇಬಲಿನ ತುದಿಯಲ್ಲಿ ನಮ್ಮ ಮಾಡ್ಯೂಲ್ ಇದೆ. ಡಿಬಿಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಷನ್ ಸಾಧನ ಹಾಕಿ, ಅದರ ಫೇಸ್ ಮತ್ತು ಅರ್ಥ್ ವೈರು ಎರಡೂ ಸೇರಿ ಅರ್ಧ ಮೀಟರ್ ಮೀರದಂತೆ ನೋಡಿಕೊಂಡೆವು. ಉದ್ದ ಹೆಚ್ಚಿದಷ್ಟೂ ಅದು ಕೆಲಸಕ್ಕೆ ಬಾರದು, ಸುರುಳಿ ಸುತ್ತಿ ಬಿಟ್ಟರಂತೂ ವ್ಯರ್ಥ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಈ ಸಾಧನಕ್ಕೆ ಕೊಟ್ಟ ದುಡ್ಡು ದಂಡ. 40 ಮಿ.ಮೀ. ಜಿಐ ಪೈಪು ಎರಡೂವರೆ ಮೀಟರ್ ಆಳ, ಸುತ್ತ ಇದ್ದಿಲು ಉಪ್ಪು. ಅಳತೆ 5 ಓಮಿಗಿಂತ ಕೆಳಗೆ ಬರಬೇಕು. ಫೆಬ್ರವರಿ ಮಾರ್ಚಿನಲ್ಲಿ ನೆಲ ಒಣಗಿದಾಗ ಏರುತ್ತದೆ, ಆಗ ಗುಂಡಿಗೆ ನೀರು ಹಾಕಬೇಕು. ಇಷ್ಟಾದರೂ ಗುಡುಗು ತೀರ ಹತ್ತಿರ ಬಂದರೆ ಹೊರಗಿನ ಎರಡೂ ಆರ್‌ಸಿಬಿಒ ಇಳಿಸಿಬಿಡುವುದೇ ಉತ್ತಮ. ಎರಡೂ ಪೋಲ್ ಕತ್ತರಿಸುವಂಥದ್ದು ಬೇಕೆಂದದ್ದು ಇದಕ್ಕೂ ಸೇರಿ.

ಜೋಡಣೆ

ಮೇನ್ ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ, ಟೆಸ್ಟ್ ಲ್ಯಾಂಪಿನಿಂದ ಸತ್ತಿದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಕೈ ಹಾಕುವುದು. ಮೇನ್ ಇಳಿಸಿದರೂ ಇನ್ವರ್ಟರ್ ಸಾಲು ಜೀವಂತ ಇರುತ್ತದೆ ಎನ್ನುವುದನ್ನು ಮರೆತರೆ ಅಪಾಯ ಖಂಡಿತ.

ಮಾಡ್ಯೂಲಿನ ಎಲ್ ಟರ್ಮಿನಲಿಗೆ ಫೇಸ್, ಎನ್‌ಗೆ ನ್ಯೂಟ್ರಲ್, ಔಟ್‌ಪುಟ್‌ನಿಂದ ದೀಪಕ್ಕೆ. ದೀಪದ ನ್ಯೂಟ್ರಲ್ ಮಾಡ್ಯೂಲಿನ ಮೂಲಕ ಹಾಯಬೇಕಿಲ್ಲ, ಬಾಕ್ಸಿನಲ್ಲೇ ಲಿವರ್ ಕನೆಕ್ಟರಿನಲ್ಲಿ ಎರಡೂ ಸೇರಲಿ. ಒಂದು ಟರ್ಮಿನಲಿಗೆ ಎರಡು ವೈರು ತುರುಕಿದರೆ ಒಂದು ಸಡಿಲವಾಗಿಯೇ ಉಳಿಯುತ್ತದೆ. ಇನ್ಸುಲೇಷನ್ 6 ಅಥವಾ 7 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ತಿರುಚಿ ಬಿಡುವ ಬದಲು ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಒತ್ತಿ ಕೂರಿಸಿದೆವು. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಬೇಕು. ಸುಟ್ಟ ಸ್ಮಾರ್ಟ್ ಸ್ವಿಚ್‌ಗಳನ್ನು ಬಿಚ್ಚಿದರೆ ಅನೇಕದರಲ್ಲಿ ಕರಗಿದ್ದು ಟರ್ಮಿನಲಿನ ಪ್ಲಾಸ್ಟಿಕ್ಕು, ಕಾರಣ ಸಡಿಲ ಸ್ಕ್ರೂ.

ಮಲಗುವ ಕೋಣೆಯಿಂದಲೂ ಕಣದ ದೀಪ ಹತ್ತಿಸಬೇಕಿತ್ತು. ಕಾಲಿಂಗ್ ಬೆಲ್ಲಿನ ಒತ್ತುಗುಂಡಿಗಳನ್ನು ಸಮಾನಾಂತರವಾಗಿ ಎಷ್ಟು ಬೇಕಾದರೂ ಸೇರಿಸಬಹುದು, ಸೆಟ್ಟಿಂಗಿನಲ್ಲಿ ಮಾತ್ರ ಪುಶ್ ಬಟನ್ ಬಗೆ ಎಂದು ಹೇಳಬೇಕು. ಆದರೆ ಎಸ್1, ಎಸ್2 ವೈರು ಹತ್ತು ಹದಿನೈದು ಮೀಟರ್ ಉದ್ದವಾಗಿ ಫೇಸ್ ವೈರಿನ ಪಕ್ಕದಲ್ಲೇ ಓಡಿದರೆ ಇಂಡಕ್ಷನ್ನಿಗೆ ದೀಪ ತಾನಾಗಿ ಹತ್ತಿ ಆರುತ್ತದೆ. ಬೇರೆ ಪೈಪಿನಲ್ಲಿ ಎಳೆಯಿರಿ, ಇಲ್ಲವೇ ಅಲ್ಲಿಗೆ ಫೇಸ್ ಬೇಡುವ ಬಗೆಯ ಮಾಡ್ಯೂಲ್ ಆರಿಸಿ. ಕಣಕ್ಕೆ ನಾವು ಎರಡನೆಯದನ್ನೇ ಹಾಕಿದೆವು.

ನೀರಿನ ಕಡೆ

ದೀಪಗಳೆಲ್ಲ ಐಪಿ65, ಅಂದರೆ ದೂಳೂ ಚಿಮ್ಮುವ ನೀರೂ ಒಳಹೋಗದ ಬಗೆ. ಪೆಟ್ಟಿಗೆಯ ಮೇಲಿನ ಆ ಸಂಖ್ಯೆಗೆ ಬೆಲೆ ಬರುವುದು ಕೇಬಲ್ ಒಳಹೋಗುವ ಜಾಗ ಸರಿಯಿದ್ದರೆ ಮಾತ್ರ. ಚಪ್ಪಟೆ ಎರಡೆಳೆ ವೈರು ಗ್ಲ್ಯಾಂಡಿನಲ್ಲಿ (ಕೇಬಲ್ ಸುತ್ತ ರಬ್ಬರ್ ಬಿಗಿಯುವ ತಿರುಪು) ಎಂದೂ ಸೀಲ್ ಆಗುವುದಿಲ್ಲ, ದುಂಡು ಕೇಬಲೇ ಬೇಕು. ಮೂರೆಳೆಯ 1.5 ಚದರ ಮಿ.ಮೀ. ದುಂಡು ಕೇಬಲಿನ ಹೊರವ್ಯಾಸ ಸುಮಾರು 9 ಮಿ.ಮೀ. ಅದಕ್ಕೆ ಪಿಜಿ11 ಗ್ಲ್ಯಾಂಡ್ ಸರಿ, ಪಿಜಿ9 ಹಿಡಿಸುವುದು 8 ಮಿ.ಮೀ. ತನಕ ಮಾತ್ರ. ಕೇಬಲ್ ಯಾವಾಗಲೂ ಬಾಕ್ಸಿನ ತಳದಿಂದ ಒಳಗೆ ಹೋಗಲಿ. ಹೋಗುವ ಮೊದಲು ಒಂದು ಗೇಣು ಕೆಳಗೆ ಬಾಗಿ ಮೇಲೇರಲಿ, ಕೇಬಲ್ ಹಿಡಿದು ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪೂರ್ತಿ ಬಿಗಿಯಾಗಿ ಮುಚ್ಚಿದ ಬಾಕ್ಸಿನಲ್ಲೂ ಜುಲೈ ಹೊತ್ತಿಗೆ ನೀರು ನಿಂತಿರುತ್ತದೆ. ಮಳೆ ನುಗ್ಗಿದ್ದಲ್ಲ. ದೀಪ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಹೋಗುತ್ತದೆ, ಆರಿದಾಗ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೇಬಲಿನ ಎಳೆಗಳ ಸಂದಿಯಿಂದಲೂ ತೇವ ಹತ್ತಿ ಬರುತ್ತದೆ. ನಾಲ್ಕು ತಿಂಗಳು ಬಿಡದೆ ಒದ್ದೆಯಾಗಿರುವ ಊರಿನಲ್ಲಿ ಬಾಕ್ಸಿನ ತಳದ ಅತಿ ತಗ್ಗಿನ ಜಾಗದಲ್ಲಿ 5 ಮಿ.ಮೀ. ತೂತು ಇರಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಆ ತೂತಿಗೆ ಒಳಗಿನಿಂದ ಸಣ್ಣ ಸ್ಟೀಲ್ ಜಾಲರಿ ಅಂಟಿಸಬೇಕು, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಜಂಕ್ಷನ್ ಬಾಕ್ಸಿಗೆ ಮಾತ್ರ ಈ ಮಾತು, ದೀಪದ ಕವಚಕ್ಕೆ ತೂತು ಕೊರೆಯಬೇಡಿ.

ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ, ಅದರ ಆಮ್ಲ ತಾಮ್ರವನ್ನು ಹಸಿರುಗಟ್ಟಿಸುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಹೊರಗಿನ ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪ್ ಒಂದು ಮಳೆಗಾಲವನ್ನೂ ತಡೆಯದು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಬಳಸಿದೆವು. ಕಣಕ್ಕೆ ಹೋಗುವುದು ಲೋಹದ ಕವಚವಿರುವ, ನೆಲದಡಿ ಹಾಕುವ ಆರ್ಮರ್ಡ್ ಯುಜಿ ಕೇಬಲ್, ಎರಡೂವರೆ ಅಡಿ ಆಳದಲ್ಲಿ ಮರಳ ಮೇಲೆ, ಮೇಲೊಂದು ಸಾಲು ಇಟ್ಟಿಗೆ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವವರ ಗುದ್ದಲಿಗೆ ಮೊದಲು ಇಟ್ಟಿಗೆ ಸಿಗಲಿ ಎಂದು. ಆರ್ಮರನ್ನು ಡಿಬಿ ತುದಿಯಲ್ಲಿ ಅರ್ಥಿಗೆ ಸೇರಿಸುವುದು ಬಿಟ್ಟುಹೋಗಬಾರದು.

ಕರೆಂಟ್ ಕೊಡುವ ಮೊದಲು ಮೆಗ್ಗರ್ ಪರೀಕ್ಷೆ, ಅಂದರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವುದು. ಮಾಡ್ಯೂಲ್, ದೀಪ, ಸರ್ಜ್ ಸಾಧನ ಎಲ್ಲವನ್ನೂ ಬಿಡಿಸಿ, ಫೇಸ್ ನ್ಯೂಟ್ರಲ್ ಒಟ್ಟುಗೂಡಿಸಿ ಅರ್ಥಿಗೆ 500 ವೋಲ್ಟಿನಲ್ಲಿ ಅಳೆಯಬೇಕು. ಬಿಡಿಸದೆ ಮೆಗ್ಗರ್ ಹಾಕಿದರೆ ಮಾಡ್ಯೂಲ್ ಹೋಯಿತೆಂದೇ ಲೆಕ್ಕ. ಕನಿಷ್ಠ 1 ಮೆಗಾಓಮ್ ಎನ್ನುವುದು ನಿಯಮ. ಹೊಸ ಕೇಬಲಿನಲ್ಲಿ ನೂರಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲೋ ಸಿಪ್ಪೆ ಗಾಯವಾಗಿದೆ ಎಂದೇ ತಿಳಿದು ಹುಡುಕಬೇಕು. 30 ಮಿಲಿಆಂಪಿನ ಆರ್‌ಸಿಬಿಒ ಸೋರಿಕೆ 15 ಮಿಲಿಆಂಪ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಎಲ್‌ಇಡಿ ಡ್ರೈವರುಗಳ ಸ್ವಂತ ಸೋರಿಕೆ ಕೆಲವು ಮಿಲಿಆಂಪ್ ಇದ್ದೇ ಇರುತ್ತದೆ, ಒದ್ದೆ ಜಾಯಿಂಟಿಗೆ ಉಳಿಯುವ ಅವಕಾಶ ಬಹಳ ಕಡಿಮೆ.

ಸೆಟ್ಟಿಂಗ್

ಕರೆಂಟ್ ಹೋಗಿ ಬಂದಾಗ ದೀಪ ಹೇಗಿರಬೇಕು ಎನ್ನುವುದನ್ನು ಮೊದಲು ತೀರ್ಮಾನಿಸಿ. ಗೇಟಿಗೂ ಜಗಲಿಗೂ 'ಹಿಂದೆ ಇದ್ದಂತೆ', ಕಣಕ್ಕೆ 'ಆಫ್'. ಗೋಡೆಯ ಸ್ವಿಚ್ಚಿಗೆ 'ಪ್ರತಿ ಬಾರಿ ಒತ್ತಿದಾಗಲೂ ಬದಲಾಗು' ಎನ್ನುವ ಬಗೆ ಇರಲಿ. ಸ್ವಿಚ್ ಮೇಲೆ ಕೆಳಗೆ ಇರುವುದಕ್ಕೂ ದೀಪಕ್ಕೂ ಆಮೇಲೆ ಸಂಬಂಧ ಇರುವುದಿಲ್ಲ, ಇದನ್ನು ಮನೆಯವರಿಗೆಲ್ಲ ಒಮ್ಮೆ ಹೇಳಬೇಕು.

ಮಾಡ್ಯೂಲಿಗೆ ಕಂಪನಿಯದರ ಬದಲು ಟಾಸ್ಮೋಟಾ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳುವವರು ಒಂದು ಸಂಗತಿ ಗಮನಿಸಿ. ಕೆಲವೇ ಸೆಕೆಂಡಿನ ಅಂತರದಲ್ಲಿ ಏಳು ಬಾರಿ ಕರೆಂಟ್ ಹೋಗಿ ಬಂದರೆ ಅದು ಎಲ್ಲ ಸೆಟ್ಟಿಂಗ್ ಅಳಿಸಿ ಹೊಸದರಂತಾಗುತ್ತದೆ. ಕೈತಪ್ಪಿದ ಮಾಡ್ಯೂಲನ್ನು ಮರಳಿ ಪಡೆಯಲು ಇಟ್ಟ ಸೌಲಭ್ಯ ಅದು. ಗಾಳಿಗೆ ಕೊಂಬೆ ಲೈನಿಗೆ ತಾಗಿ ಕರೆಂಟ್ ಕಣ್ಣುಮುಚ್ಚಾಲೆ ಆಡುವ ನಮ್ಮ ಕಡೆ ಏಳು ಬಾರಿ ಏನೂ ದೊಡ್ಡದಲ್ಲ. ಸೆಟ್‌ಆಪ್ಷನ್ 65 ಎನ್ನುವುದನ್ನು 1 ಮಾಡಿದರೆ ಇದು ನಿಲ್ಲುತ್ತದೆ. ವೈಫೈ ಬಲ್ಬುಗಳಲ್ಲೂ ಇಂಥದ್ದೇ ವ್ಯವಸ್ಥೆ ಇರುವುದರಿಂದ ಹೊರಗಿನ ದೀಪಕ್ಕೆ ಅವನ್ನು ಶಿಫಾರಸು ಮಾಡುವುದಿಲ್ಲ. ಸಾಫ್ಟ್‌ವೇರ್ ಬದಲಿಸಲು ಕಂಪ್ಯೂಟರಿಗೆ ವೈರಿನಿಂದ ಸೇರಿಸುವಾಗ ಮಾಡ್ಯೂಲಿಗೆ ಮೇನ್ಸ್ ಇರಲೇಬಾರದು.

ಸಮಯಕ್ಕೆ ಗಡಿಯಾರದ ಗಂಟೆ ಕೊಡದೆ ಸೂರ್ಯಾಸ್ತ ಕೊಡಿ. ಚಿಕ್ಕಮಗಳೂರಿನಲ್ಲಿ ನವೆಂಬರ್ ಕೊನೆಗೆ ಸುಮಾರು 6 ಗಂಟೆಗೆ ಮುಳುಗುವ ಸೂರ್ಯ ಜುಲೈನಲ್ಲಿ 7ರ ಹತ್ತಿರ ಮುಳುಗುತ್ತಾನೆ. ಅಕ್ಷಾಂಶ 13.32, ರೇಖಾಂಶ 75.77 ಎಂದು ತುಂಬಿದರೆ ಮಾಡ್ಯೂಲ್ ತಾನೇ ಲೆಕ್ಕ ಹಾಕುತ್ತದೆ, ಹಾಸನಕ್ಕೆ 13.00, 76.10. ಟೈಮ್ ಝೋನ್ 5:30 ಎಂದು ಹಾಕುವುದು ಮರೆತರೆ ಗಡಿಯಾರದ ಗಂಟೆಗೆ ಇಟ್ಟ ಸಮಯವೆಲ್ಲ ತಪ್ಪುತ್ತದೆ. ಗೇಟಿನ ದೀಪ ಬೆಳಗಿನ ತನಕ, ಜಗಲಿ ಮತ್ತು ದಾರಿಯದು ರಾತ್ರಿ 10:30ರ ತನಕ. ಈ ಮೂರು ಕಡೆಯವನ್ನೂ ಬೆಳಗಿನ ತನಕ ಉರಿಸಿದರೆ ತಿಂಗಳಿಗೆ 28 ಯೂನಿಟ್, ಹೀಗೆ ಮಾಡಿದರೆ 15. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಈ 13 ಯೂನಿಟ್ ಲೆಕ್ಕಕ್ಕೆ ಬರುತ್ತದೆ.

ಒಂದು ಮಿತಿ ಉಳಿಯುತ್ತದೆ. ಇಂಥ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಬಂದ ಮೇಲೆ ಇಂಟರ್ನೆಟ್ಟಿನಿಂದ ಸಮಯ ಕೇಳುತ್ತದೆ, ಅದು ಸಿಗದಿದ್ದರೆ ಟೈಮರ್ ನಡೆಯುವುದೇ ಇಲ್ಲ. ರೂಟರನ್ನು ಇನ್ವರ್ಟರಿಗೆ ಸೇರಿಸಿದರೂ ಹೊರಗಿನ ಫೈಬರ್ ಮೇಲೆ ಮರ ಬಿದ್ದರೆ ಉಪಯೋಗವಿಲ್ಲ. ವಾರಗಟ್ಟಲೆ ಇಂಟರ್ನೆಟ್ ಇಲ್ಲದೆ ಇರುವ ಮನೆಯ ಗೇಟಿನ ದೀಪಕ್ಕೆ ಡಿಬಿಯಲ್ಲಿ ಕೂರುವ, ಒಳಗೆ ಬ್ಯಾಟರಿ ಇರುವ, ಸೂರ್ಯಾಸ್ತವನ್ನು ತಾನೇ ಲೆಕ್ಕ ಹಾಕುವ ಆಸ್ಟ್ರೋ ಟೈಮರ್ ಸ್ಮಾರ್ಟ್ ಮಾಡ್ಯೂಲಿಗಿಂತ ಒಳ್ಳೆಯದು, ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಬೆಳಕು ನೋಡಿ ಹತ್ತುವ ಫೋಟೋಸೆಲ್ ಅಗ್ಗ, ಆದರೆ ಆಷಾಢದ ಕಾರ್ಮೋಡಕ್ಕೆ ಮಧ್ಯಾಹ್ನವೇ ಹತ್ತಿ ಕೂರುತ್ತದೆ. ಹಾಕಿದರೆ ತನ್ನದೇ ದೀಪದ ಬೆಳಕು ಬೀಳದಂತೆ ಉತ್ತರದ ಆಕಾಶಕ್ಕೆ ಮುಖ ಮಾಡಿ ಹಾಕಿ.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಹೊರಗಿನ ಬಾಕ್ಸುಗಳನ್ನೆಲ್ಲ ಬಿಚ್ಚಿ ಜಾಲರಿಯ ಕಸ ತೆಗೆದು, ಸ್ಕ್ರೂ ಬಿಗಿ ಮಾಡಿ, ಗಟ್ಟಿಯಾದ ರಬ್ಬರ್ ಬದಲಿಸಬೇಕು. ಸರ್ಜ್ ಸಾಧನದ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ, ಹೊಸದು ಹಾಕಿ. ಆರ್‌ಸಿಬಿಒ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಡಿಬಿ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಯಾವ ಆರ್‌ಸಿಬಿಒ ಯಾವ ದೀಪಕ್ಕೆ, ಮಾಡ್ಯೂಲ್ ಯಾವ ಬಾಕ್ಸಿನಲ್ಲಿದೆ, ಅದು ಕೆಟ್ಟರೆ ಯಾವ ಎರಡು ವೈರನ್ನು ಹಳೆಯ ಸ್ವಿಚ್ಚಿಗೆ ನೇರ ಸೇರಿಸಬೇಕು. ಮುಂದೆ ರಿಪೇರಿಗೆ ಬರುವ ಎಲೆಕ್ಟ್ರಿಷಿಯನ್ ಬೇರೆಯವರಾಗಿರಬಹುದು. ಎಸ್1ಗೆ ಫೇಸ್ ಕೊಡಬಾರದು ಎಂಬುದನ್ನು ಆ ಚೀಟಿಯಲ್ಲಿ ಕೆಂಪು ಶಾಯಿಯಲ್ಲೇ ಬರೆಯಿರಿ.